ಕಾಲೇಜಿನ ಹೊಸ್ತಿಲಲ್ಲಿ

ಶಾಲೆಯ ಕೊನೆಯ ತರಗತಿಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯು ಕಾಲೇಜಿನ ಪಾಠಕ್ಕೆ ಸಿದ್ಧನಾಗಿಯೇ ಇರುತ್ತಾನೆಂದು ನಾವು ಭಾವಿಸುವುದು ಸಹಜ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. ಅಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿ ಬಂದವರಲ್ಲಿ ಅನೇಕರಿಗೆ ಇಂಗ್ಲಿಷ್ ಬರವಣಿಗೆಯನ್ನೂ ಗಣಿತವನ್ನೂ ಮತ್ತೊಮ್ಮೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಇದಕ್ಕೆ ಪರಿಹಾರ ಬೋಧನೆ ಎಂದು ಹೆಸರು.

‘ಈಗಿನ ಹುಡುಗರಿಗೆ ಏನೂ ಬಾರದು’ ಎಂಬ ದೂರು ಹೊಸದಲ್ಲ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶಕ್ಕೆ ಬರುವವರಿಂದ ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ಬರೆಸತೊಡಗಿತು. ದೇಶದ ಉತ್ತಮ ಶಾಲೆಗಳಿಂದ ಬಂದ ಸಿರಿವಂತರ ಮಕ್ಕಳಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಆ ಮೊದಲ ವರ್ಷಗಳ ಪರೀಕ್ಷೆಗಳಲ್ಲಿ ಸೋತರು. ಇಂಗ್ಲಿಷ್ ಅವರ ಮನೆಯ ಮಾತು ಎಂಬುದನ್ನು ನೆನೆದರೆ, ಆಡುವ ಭಾಷೆ ಬೇರೆ, ಬರೆಯುವ ಭಾಷೆ ಬೇರೆ ಎಂಬುದು ಸ್ಪಷ್ಟವಾಗುತ್ತದೆ.

ಈ ಸಮಸ್ಯೆ ತನ್ನ ಪೂರ್ಣ ರೂಪದಲ್ಲಿ ಕಾಣಿಸಿಕೊಂಡದ್ದು ನ್ಯೂಯಾರ್ಕಿನಲ್ಲಿ. ಅಲ್ಲಿಯ ಸಿಟಿ ಕಾಲೇಜು 1847ರಲ್ಲಿ ಸ್ಥಾಪನೆಯಾದುದು. ಶುಲ್ಕವಿಲ್ಲದೆ ಬಡವರ ಮಕ್ಕಳಿಗೆ ವಿದ್ಯೆ ನೀಡಿದ ಸಂಸ್ಥೆ. ಆದರೆ ಹೆಚ್ಚು ಅಂಕ ಪಡೆದವರಿಗೆ ಮಾತ್ರ ಪ್ರವೇಶವೆಂಬ ನಿಯಮದಿಂದ, ಕಾಲೇಜಿನ ಸುತ್ತಲಿನ ಹಾರ್ಲೆಮ್ ಬಡಾವಣೆಯ ಕಪ್ಪು ಜನಾಂಗದ ಮಕ್ಕಳಿಗೂ ಪೋರ್ಟೊರಿಕೊ ಮೂಲದ ಮಕ್ಕಳಿಗೂ ಅದರ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1969ರಲ್ಲಿ ವಿದ್ಯಾರ್ಥಿಗಳು ಇದನ್ನು ಪ್ರತಿಭಟಿಸಿದರು. ಸಿಟಿ ಕಾಲೇಜು ಸೇರಿದ್ದ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯವು, ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದ ಪ್ರತಿಯೊಬ್ಬರಿಗೂ 1970ರಿಂದ ತನ್ನ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನ ಕೊಡುವುದಾಗಿ ಸಾರಿತು. ಹಿಂದಿನ ವರ್ಷ ಸುಮಾರು 20,000 ಇದ್ದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಒಮ್ಮೆಗೇ ಸುಮಾರು 35,000ಕ್ಕೆ ಏರಿತು.

ಹೀಗೆ ಬಂದವರ ಬರಹವನ್ನು ಕಂಡು ಅಧ್ಯಾಪಕರಲ್ಲಿ ಹಲವರು ಕಂಗೆಟ್ಟರು. ಸಿಟಿ ಕಾಲೇಜಿನ ಅಧ್ಯಾಪಿಕೆ ಮೀನಾ ಶಾನೆಸಿ ಮಾತ್ರ ಆ ಬರಹಗಳನ್ನು ತಾಳ್ಮೆಯಿಂದ ಓದಲು ಕುಳಿತರು. 1970ರಿಂದ 1974ರವರೆಗಿನ ಸುಮಾರು 4,000 ಪ್ರಬಂಧಗಳನ್ನು ಪರಿಶೀಲಿಸಿ, 1977ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತಪ್ಪುಗಳು ದಡ್ಡತನದ ಗುರುತಲ್ಲ, ಅವುಗಳ ಹಿಂದೆ ಒಂದು ತರ್ಕವಿರುತ್ತದೆ ಎಂಬುದು ಅವರ ಸಿದ್ಧಾಂತ. ಕನ್ನಡಿಗರಿಗೆ ಇದು ಬೇಗ ಮನದಟ್ಟಾಗುವ ಮಾತು. ನಾವು ‘ಹತ್ತು ರೂಪಾಯಿ’ ಎನ್ನುತ್ತೇವೆ, ‘ಹತ್ತು ರೂಪಾಯಿಗಳು’ ಎನ್ನುವುದು ಅಪರೂಪ. ಹತ್ತು ಎಂದಮೇಲೆ ಬಹುತ್ವ ತಿಳಿದೇ ಇದೆಯಲ್ಲ! ಇದೇ ವಿಚಾರದಿಂದ ಒಬ್ಬನು ಇಂಗ್ಲಿಷಿನಲ್ಲಿ ‘ಟೆನ್ ಬುಕ್’ ಎಂದು ಬರೆದರೆ ಅದು ತಪ್ಪೇನೋ ಹೌದು, ಅರ್ಥವಿಲ್ಲದ್ದಲ್ಲ.

ಗಣಿತದಲ್ಲಿಯೂ ಹೀಗೆಯೇ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿರೆಂದರೆ, ಮೇಲಿನ ಅಂಕಿಗಳನ್ನು ಮೇಲಕ್ಕೂ ಕೆಳಗಿನವನ್ನು ಕೆಳಕ್ಕೂ ಕೂಡಿಸಿ 2/5 ಎಂದು ಬರೆಯುವವರುಂಟು. 2/5 ಎಂಬುದು 1/2ಕ್ಕಿಂತಲೂ ಚಿಕ್ಕದು. ಕೂಡಿಸಿದಮೇಲೆ ಮೊತ್ತ ಕಡಿಮೆಯಾಗುವುದು ಹೇಗೆ? ಆದರೂ ಈ ಕ್ರಮ ಎಲ್ಲಿಂದ ಬಂತೆಂದು ನೋಡಿ. ಒಂದು ಪರೀಕ್ಷೆಯಲ್ಲಿ 2 ಪ್ರಶ್ನೆಗಳಿಗೆ 1 ಸರಿ, ಇನ್ನೊಂದರಲ್ಲಿ 3 ಪ್ರಶ್ನೆಗಳಿಗೆ 1 ಸರಿ. ಒಟ್ಟಿನಲ್ಲಿ 5ಕ್ಕೆ 2. ಅಲ್ಲಿ ಈ ಲೆಕ್ಕ ಸರಿಯೇ! ಒಂದೆಡೆ ಸಲ್ಲುವುದನ್ನು ಸಲ್ಲದ ಕಡೆಗೆ ಒಯ್ದುದೇ ದೋಷ. ಇದನ್ನು ಅರಿಯದೆ ಕೆಂಪು ಶಾಯಿಯಿಂದ ಗೀಟೆಳೆಯುವ ಗುರುವಿನಿಂದ ವಿದ್ಯಾರ್ಥಿಗೆ ದೊರೆಯುವುದು ಅಂಜಿಕೆಯೊಂದೇ.

ಪರಿಹಾರ ಬೋಧನೆಯಿಂದ ಕಷ್ಟವೂ ಒದಗಿತು. ಈ ಪಾಠಗಳು ಸಾಮಾನ್ಯವಾಗಿ ಪದವಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಶುಲ್ಕವನ್ನು ಮಾತ್ರ ತೆರಬೇಕಾಗಿತ್ತು. ಕೆಲವೆಡೆ ಒಂದರ ಮೇಲೊಂದರಂತೆ ಮೂರು ಹಂತಗಳಿದ್ದುವು. ಪ್ರತಿ ಹಂತದಲ್ಲಿಯೂ ನಾಲ್ವರಲ್ಲಿ ಮೂವರು ಮುಂದೆ ಸಾಗುತ್ತಾರೆಂದು ಊಹಿಸಿಕೊಂಡು ಲೆಕ್ಕ ಹಾಕಿ. ನೂರು ಮಂದಿಯಲ್ಲಿ ಮೊದಲು 75, ಬಳಿಕ 56, ಕೊನೆಗೆ ಉಳಿಯುವವರು 42 ಮಂದಿ ಮಾತ್ರ. ಅವರಿಗೂ ನಿಜವಾದ ಕಾಲೇಜು ಪಾಠ ಇನ್ನೂ ಆರಂಭವಾಗಿರುವುದಿಲ್ಲ.

ಆದ್ದರಿಂದ 2007ರಲ್ಲಿ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯ ಸಮುದಾಯ ಕಾಲೇಜು ಬೇರೊಂದು ದಾರಿಯನ್ನು ಹಿಡಿಯಿತು. ಹಿಂದುಳಿದವರನ್ನು ನೇರವಾಗಿ ಮೊದಲ ವರ್ಷದ ಇಂಗ್ಲಿಷ್ ತರಗತಿಯಲ್ಲಿಯೇ ಕೂರಿಸಿ, ಅದೇ ಅಧ್ಯಾಪಕರಿಂದ ಚಿಕ್ಕ ಗುಂಪಿನಲ್ಲಿ ಹೆಚ್ಚಿನ ಪಾಠ ಹೇಳಿಸಲಾಯಿತು. ಇದರಿಂದ ತೇರ್ಗಡೆಯಾಗುವವರು ಹೆಚ್ಚಿದರು. ಕ್ಯಾಲಿಫೋರ್ನಿಯಾ ರಾಜ್ಯವು 2017ರಲ್ಲಿ ಕಾನೂನನ್ನೇ ಮಾಡಿ, ತನ್ನ ಸಮುದಾಯ ಕಾಲೇಜುಗಳು ಒಂದು ದಿನದ ಪರೀಕ್ಷೆಗಿಂತ ಪ್ರೌಢಶಾಲೆಯ ಅಂಕಗಳನ್ನು ನಂಬಬೇಕೆಂದು ವಿಧಿಸಿತು.

ಅಂಕಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಅದೇ ರಾಜ್ಯದ ಸ್ಯಾನ್ ಡಿಯಾಗೊ ನಗರದ ವಿಶ್ವವಿದ್ಯಾನಿಲಯದ ಅಧ್ಯಾಪಕರ ಸಮಿತಿಯೊಂದು 2025ರ ನವೆಂಬರಿನಲ್ಲಿ ವರದಿಯನ್ನು ಹೊರತಂದಿತು. ಹೊಸದಾಗಿ ಸೇರಿದ ಎಂಟು ಮಂದಿಯಲ್ಲಿ ಸುಮಾರು ಒಬ್ಬರ ಗಣಿತ ಪ್ರೌಢಶಾಲೆಯ ಮಟ್ಟಕ್ಕೂ ಏರಿಲ್ಲವೆಂದು ಅದರಲ್ಲಿ ಹೇಳಿತ್ತು. ಅಲ್ಲಿ ಪರಿಹಾರ ಬೋಧನೆಯ ತರಗತಿಗಳನ್ನು ಮತ್ತೆ ಹೆಚ್ಚಿಸಬೇಕಾಯಿತು. ಆ ತರಗತಿಗಳಲ್ಲಿ ಕುಳಿತವರಲ್ಲಿ, ಶಾಲೆಯಲ್ಲಿ ಗಣಿತಕ್ಕೆ ಅತ್ಯುನ್ನತ ಶ್ರೇಣಿ ಪಡೆದವರೂ ಇದ್ದರು.