ಹಳೆಯ ಐಷಾರಾಮಿ ಕಾರು: ಕೊಳ್ಳುವ ಮುನ್ನ ಪರಾಂಬರಿಸಿ

ಐವತ್ತು ಲಕ್ಷ ರೂಪಾಯಿಗಳಿಗೆ ಮಾರಾಟವಾದ ಕಾರು ಹತ್ತು ವರ್ಷಗಳ ತರುವಾಯ ಹತ್ತು ಹನ್ನೆರಡು ಲಕ್ಷಕ್ಕೆ ದೊರೆಯುವುದು ನಮ್ಮ ನಗರಗಳಲ್ಲಿ ಈಗ ಅಪರೂಪವೇನಲ್ಲ. ಹೊಸದಾದ ಸಾಧಾರಣ ಕಾರಿನ ಬೆಲೆಗೆ ಮರ್ಸಿಡಿಸ್ ಒಂದು ಮನೆಯ ಮುಂದೆ ಬಂದು ನಿಲ್ಲುವುದಾದರೆ ಯಾರ ಮನಸ್ಸು ತಾನೇ ಚಂಚಲವಾಗದು? ಸಂಬಳವನ್ನೇ ನಂಬಿ ಬಾಳುವ ಗೃಹಸ್ಥನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣದತ್ತ ಒಮ್ಮೆ, ಕಾರಿನ ಮೂತಿಯ ಮೇಲೆ ಮಿನುಗುವ ನಕ್ಷತ್ರದತ್ತ ಒಮ್ಮೆ ನೋಡುತ್ತಾನೆ. ಕೊನೆಗೆ ನಕ್ಷತ್ರವೇ ಗೆಲ್ಲುವುದುಂಟು.

ಆಸೆ ತಪ್ಪಲ್ಲ. ಆದರೆ ಇಲ್ಲೊಂದು ಲೆಕ್ಕವನ್ನು ಮರೆಯಬಾರದು. ಹತ್ತು ವರ್ಷಗಳಲ್ಲಿ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆಯಾಗಲಿ, ದುರಸ್ತಿಯ ಕೂಲಿಯಾಗಲಿ ಇಳಿದಿಲ್ಲ. ಹನ್ನೆರಡು ಲಕ್ಷಕ್ಕೆ ಕೊಂಡವನೂ ಐವತ್ತು ಲಕ್ಷದ ಕಾರಿನ ಗೇರುಪೆಟ್ಟಿಗೆಯನ್ನೇ ದುರಸ್ತಿ ಮಾಡಿಸಬೇಕು. ರಾಜನಿಂದ ಆನೆಯನ್ನು ದಾನವಾಗಿ ಪಡೆದ ಬಡಪಂಡಿತನಿಗೆ ಆನೆ ಬಿಟ್ಟಿಯಾಗಿ ಬಂದರೂ ಕಬ್ಬು ಬಿಟ್ಟಿಯಾಗಿ ಬರಲಿಲ್ಲವಷ್ಟೆ!

ಹೆಸರಿಗಿಂತ ಎಂಜಿನ್ ಮುಖ್ಯ

ಕೊಳ್ಳಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಬಿಎಂಡಬ್ಲ್ಯು ಒಳ್ಳೆಯದೋ, ಮರ್ಸಿಡಿಸ್ ಒಳ್ಳೆಯದೋ, ಆಡಿ ಒಳ್ಳೆಯದೋ?’ ಎಂಬುದು. ಹೀಗೆ ಕೇಳಿದರೆ ಉಪಯೋಗವಿಲ್ಲ. ಒಂದೇ ಹೆಸರಿನ ಎರಡು ಕಾರುಗಳು ತಯಾರಾದ ವರ್ಷದ ಭೇದದಿಂದಲೇ ತೀರ ಭಿನ್ನವಾದ ಗುಣಾವಗುಣಗಳನ್ನು ಪಡೆದಿರುತ್ತವೆ. 2002ರಲ್ಲಿ ಬಂದ ಮರ್ಸಿಡಿಸ್ ಇ-ಕ್ಲಾಸ್ ಮಾದರಿಗೆ ವಿದ್ಯುತ್ ನಿಯಂತ್ರಿತವಾದ ಹೊಸ ಬಗೆಯ ಬ್ರೇಕನ್ನು ಅಳವಡಿಸಿದ್ದರು. 2004ರ ಮೇ ತಿಂಗಳಿನಲ್ಲಿ ಈ ಬ್ರೇಕಿನ ತಪಾಸಣೆಗಾಗಿ ಜಗತ್ತಿನಾದ್ಯಂತ ಸುಮಾರು 6,80,000 ಕಾರುಗಳನ್ನು ಕಂಪನಿಯೇ ಹಿಂದಕ್ಕೆ ಕರೆಯಬೇಕಾಯಿತು. 2006ರಲ್ಲಿ ಕಾರು ಪರಿಷ್ಕಾರಗೊಂಡಾಗ ಅದನ್ನು ಕೈಬಿಟ್ಟು ಸಾಂಪ್ರದಾಯಿಕ ಹೈಡ್ರಾಲಿಕ್ ಬ್ರೇಕಿಗೆ ಮರಳಿದರು. ಹೆಸರೂ ಅದೇ, ನಕ್ಷತ್ರವೂ ಅದೇ. ಬ್ರೇಕು ಮಾತ್ರ ಬೇರೆ.

ಬಿಎಂಡಬ್ಲ್ಯು ಕಂಪನಿಯು 2007ರಲ್ಲಿ ತಂದ ‘ಎನ್47’ ಡೀಸೆಲ್ ಎಂಜಿನ್ ಇನ್ನೊಂದು ಉದಾಹರಣೆ. 320ಡಿ, 520ಡಿ ಮುಂತಾದ ಕಾರುಗಳಲ್ಲಿ ಇದಿತ್ತು. ಎಂಜಿನ್ನಿನ ಕವಾಟಗಳನ್ನು ಸಕಾಲಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನು ಇದರಲ್ಲಿ ಮುಂಭಾಗದಲ್ಲಿಲ್ಲ. ಹಿಂದೆ, ಗೇರುಪೆಟ್ಟಿಗೆಯ ಕಡೆಗಿದೆ. 2011ಕ್ಕೆ ಮುಂಚಿನ ಎಂಜಿನ್ನುಗಳಲ್ಲಿ ಈ ಚೈನು ಸವೆಯುವುದು ಹೆಸರಾದ ದೋಷ. ಚೈನು ತುಂಡಾದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಮುಂಜಾಗ್ರತೆಯಿಂದ ಬದಲಾಯಿಸೋಣವೆಂದರೂ ಎಂಜಿನ್ನನ್ನೋ ಗೇರುಪೆಟ್ಟಿಗೆಯನ್ನೋ ಕೆಳಗಿಳಿಸದೆ ಕೆಲಸ ಸಾಗದು. ಅದೇ ಕಂಪನಿಯ ‘ಎನ್63’ ಎಂಬ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಎರಡು ಟರ್ಬೊಗಳನ್ನು ಸಿಲಿಂಡರಿನ ಸಾಲುಗಳ ನಡುವೆಯೇ ಕೂರಿಸಿದ್ದರಿಂದ ಕಾವು ಹೆಚ್ಚಿ, ಎಣ್ಣೆ ಕುಡಿಯುವ ಚಾಳಿ ಅಂಟಿಕೊಂಡಿತು. 2014ರ ಡಿಸೆಂಬರಿನಲ್ಲಿ ಅಮೆರಿಕದ ಗ್ರಾಹಕರಿಗಾಗಿ ಕಂಪನಿಯೇ ವಿಶೇಷ ತಪಾಸಣೆಯ ಯೋಜನೆಯೊಂದನ್ನು ಪ್ರಕಟಿಸಿತು. 2009ರಿಂದ 2011ರವರೆಗಿನ ಆಡಿ ಎ4 ಕಾರಿನ ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿಗೂ ಎಣ್ಣೆ ಕುಡಿಯುವ ಅಪಕೀರ್ತಿಯುಂಟು.

ಹಾಗಾದರೆ ನೆಮ್ಮದಿಯ ಕಾರು ಇಲ್ಲವೇ? ಇದೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ 2013ರಿಂದ ಜೋಡಣೆಯಾದ ಟೊಯೊಟಾ ಕ್ಯಾಮ್ರಿ ಹೈಬ್ರಿಡ್, 2020ರಿಂದ ಅಲ್ಲಿಯೇ ಜೋಡಣೆಯಾದ ಲೆಕ್ಸಸ್ ಇಎಸ್ 300ಎಚ್ ಕಾರುಗಳನ್ನು ಗಮನಿಸಬಹುದು. ಇವುಗಳಲ್ಲಿ ಟರ್ಬೊ ಇಲ್ಲ. ಗೇರುಪೆಟ್ಟಿಗೆಯ ರಚನೆಯೂ ಸರಳ. ಕೆಡುವ ವಸ್ತುವೇ ಇಲ್ಲದ ಮೇಲೆ ಕೆಡುವ ಭಯವೂ ಅಷ್ಟಕ್ಕೆ ಕಡಿಮೆ. ಆದರೆ ವಯಸ್ಸಾದಂತೆ ಹೈಬ್ರಿಡ್ ಬ್ಯಾಟರಿಯ ಶಕ್ತಿ ಕುಂದುವುದರಿಂದ ಅದನ್ನು ಪರೀಕ್ಷೆ ಮಾಡಿಸಿಯೇ ಕೊಳ್ಳತಕ್ಕದ್ದು.

ನಗರವಾಸಿಯೂ ಡೀಸೆಲ್ಲೂ

ಬಿಎಸ್-6 ನಿಯಮವು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವೊಂದು ಇರುತ್ತದೆ. ಅದರಲ್ಲಿ ಸೇರಿದ ಮಸಿ ಸುಟ್ಟುಹೋಗಬೇಕಾದರೆ ಕಾರು ಹೆದ್ದಾರಿಯಲ್ಲಿ ಕೆಲಕಾಲವಾದರೂ ಒಂದೇ ವೇಗದಲ್ಲಿ ಓಡಬೇಕು. ಮಲ್ಲೇಶ್ವರದಿಂದ ಮೆಜೆಸ್ಟಿಕ್ಕಿಗೆ ನಿಂತು ನಿಂತು ಸಾಗುವ ಕಾರಿನಲ್ಲಿ ಆ ಶೋಧಕವು ಕಟ್ಟಿಕೊಳ್ಳುವುದು ಸಹಜ. ದಿನಕ್ಕೆ ಹತ್ತು ಕಿಲೋಮೀಟರು ಮಾತ್ರ ಓಡಾಡುವ ಸಂಸಾರಕ್ಕೆ ಪೆಟ್ರೋಲೇ ಲೇಸು.

ನೋಡುವ ಕ್ರಮ

ಕಾರನ್ನು ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಬಿಸಿಯಾಗಿದ್ದರೆ, ನೀವು ಬರುವ ಮುನ್ನವೇ ಯಾರೋ ಚಾಲೂ ಮಾಡಿದ್ದಾರೆಂದು ತಿಳಿಯಿರಿ. ಚಾಲೂ ಮಾಡಿದೊಡನೆ ಚೈನಿನ ಕಟಕಟ ಸದ್ದು ಕೇಳುವುದೇ? ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪುನೀರು ಒಳಗೆ ಸೇರುತ್ತಿರಬಹುದು. ಎಸ್-ಕ್ಲಾಸ್, ರೇಂಜ್ ರೋವರ್ ಮುಂತಾದ ಕಾರುಗಳು ಗಾಳಿ ತುಂಬಿದ ಚೀಲಗಳ ಮೇಲೆ ನಿಂತಿರುತ್ತವೆ. ರಾತ್ರಿಯಿಡೀ ನಿಂತ ಕಾರಿನ ಒಂದು ಮೂಲೆ ಬೆಳಗ್ಗೆ ಕುಸಿದಿದ್ದರೆ ಚೀಲ ಸೋರುತ್ತಿದೆ ಎಂದರ್ಥ.

ನೆರೆನೀರಿನಲ್ಲಿ ಮುಳುಗಿದ ಕಾರುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿಯೂ ಬೆಲೆಬಾಳುವ ಕಾರುಗಳು ನೀರಿನಲ್ಲಿ ನಿಂತಿದ್ದವು. ಇಂತಹ ಕಾರುಗಳು ತೊಳೆದು ಬಳಿದುಕೊಂಡು ಮಾರುಕಟ್ಟೆಗೆ ಬರುವುದುಂಟು. ಸೀಟುಪಟ್ಟಿಯನ್ನು ಪೂರ್ತಿ ಎಳೆದು ನೋಡಿ: ಒಳತುದಿಯಲ್ಲಿ ಕೆಸರಿನ ಕಲೆ ಇದೆಯೇ? ಸೀಟಿನ ಕೆಳಗಿನ ಹಳಿಗಳು ತುಕ್ಕು ಹಿಡಿದಿವೆಯೇ? ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರವನ್ನಿಡುವ ಗುಂಡಿಯಲ್ಲಿ ಮಣ್ಣು ಉಳಿದಿದೆಯೇ? ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವ ಬಣ್ಣವೂ ಹಾಗೆಯೇ.

ಕೊನೆಗೆ, ಆ ಕಂಪನಿಯ ಕಾರುಗಳಲ್ಲಿ ನುರಿತ ಸ್ವತಂತ್ರ ಮೆಕ್ಯಾನಿಕ್ಕಿನಿಂದ ಕಂಪ್ಯೂಟರ್ ತಪಾಸಣೆ ಮಾಡಿಸಿ. ದೋಷಗಳ ದಾಖಲೆಯನ್ನು ಹಿಂದಿನ ದಿನವೇ ಅಳಿಸಿಹಾಕಿದ್ದರೆ ಅದರ ಸುಳಿವೂ ಅಲ್ಲಿ ಸಿಗುತ್ತದೆ. ಇದಕ್ಕೆ ಕೊಡುವ ಕೆಲವು ಸಾವಿರ ರೂಪಾಯಿಗಳು ಲಕ್ಷಗಳನ್ನು ಉಳಿಸಬಲ್ಲವು.

ಕಾಗದಪತ್ರಗಳ ಸಾಕ್ಷಿ

ಕಾರು ಸುಳ್ಳು ಹೇಳಬಹುದು. ಕಾಗದಕ್ಕೆ ಅದು ಸ್ವಲ್ಪ ಕಷ್ಟ. ಮೀಟರಿನ ಅಂಕಿಯನ್ನು ಸರ್ವಿಸ್ ದಾಖಲೆಯ ಅಂಕಿಗಳೊಡನೆ ತಾಳೆ ನೋಡಿ. ಮೀಟರು ನಲವತ್ತು ಸಾವಿರ ತೋರಿಸುತ್ತಿದ್ದು ಪೆಡಲಿನ ರಬ್ಬರು ಬೋಳಾಗಿದ್ದರೆ ಸಂಶಯಕ್ಕೆ ಕಾರಣವಿದೆ. ಕಾರಿನ ಮೇಲೆ ಕೊರೆದ 17 ಅಕ್ಷರಾಂಕಿಗಳ ಚಾಸಿ ಸಂಖ್ಯೆಯು ನೋಂದಣಿ ಪತ್ರದಲ್ಲಿರುವುದಕ್ಕೆ ಸರಿಹೊಂದಬೇಕು. ಮಾರುವವರ ವಿಮಾಪತ್ರದಲ್ಲಿ ‘ನೋ ಕ್ಲೇಮ್ ಬೋನಸ್’ ಸೊನ್ನೆಯಾಗಿದ್ದರೆ, ಹಿಂದಿನ ವರ್ಷ ಪರಿಹಾರ ಪಡೆದದ್ದು ಯಾವ ಅಪಘಾತಕ್ಕೆಂದು ಕೇಳುವುದು ನ್ಯಾಯ.

ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ನಿಷೇಧಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಆದೇಶವಿತ್ತ ಮೇಲೆ, ಅಲ್ಲಿಯ ಕಾರುಗಳು ಅಗ್ಗದ ದರಕ್ಕೆ ಇತರ ರಾಜ್ಯಗಳತ್ತ ಹರಿದವು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತಾಗಬಾರದು. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಕರ್ನಾಟಕದಲ್ಲಿ ಇರಿಸಿಕೊಳ್ಳುವ ಹೊರರಾಜ್ಯದ ಕಾರನ್ನು ಇಲ್ಲಿ ನೋಂದಾಯಿಸಲೇಬೇಕು. ಮೂಲ ಬೆಲೆ ಮತ್ತು ವಯಸ್ಸನ್ನು ಅನುಸರಿಸಿ ಇಲ್ಲಿಯ ತೆರಿಗೆಯನ್ನೂ ತೆರಬೇಕು. ಐಷಾರಾಮಿ ಕಾರಿಗೆ ಈ ತೆರಿಗೆ ಲಕ್ಷಗಳನ್ನು ಮುಟ್ಟುತ್ತದೆ. ನಿರಾಕ್ಷೇಪಣಾ ಪತ್ರ ಇದೆಯೇ, ಬ್ಯಾಂಕಿನ ಸಾಲ ತೀರಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ.

ಮನೆಯ ಲೆಕ್ಕ

ಕೈಯಲ್ಲಿ ಹತ್ತು ಲಕ್ಷವಿದ್ದರೆ ಹತ್ತು ಲಕ್ಷದ ಕಾರನ್ನು ಕೊಳ್ಳಬೇಡಿ. ಏಳೂವರೆ ಲಕ್ಷದ ಕಾರನ್ನು ಹುಡುಕಿ, ಉಳಿದ ಕಾಲುಭಾಗವನ್ನು ಬ್ಯಾಂಕಿನಲ್ಲಿ ಕಾರಿನ ಹೆಸರಿಗೆ ಎತ್ತಿಡಿ. ಮೊದಲ ವರ್ಷದಲ್ಲಿಯೇ ಟೈರುಗಳೂ, ಬ್ರೇಕುಗಳೂ, ಎಣ್ಣೆಗಳೂ ಆ ಹಣವನ್ನು ಕೇಳಿಕೊಂಡು ಬರುತ್ತವೆ. ಹೀಗೆ ತೆಗೆದಿಡಲು ಮನೆಯಲ್ಲಿ ಅನುಕೂಲವಿಲ್ಲವೆಂದಾದರೆ ಆ ಕಾರು ನಮ್ಮದಲ್ಲ ಎಂದು ತಿಳಿಯುವುದೇ ವಿವೇಕ. ಮಗಳ ಕಾಲೇಜಿನ ಶುಲ್ಕ ಕಟ್ಟುವ ತಿಂಗಳಲ್ಲಿಯೇ ಗೇರುಪೆಟ್ಟಿಗೆ ಕೆಟ್ಟರೆ, ಬೀದಿಯವರು ಮೆಚ್ಚಿದ ನಕ್ಷತ್ರವು ಮನೆಯವರ ಕಣ್ಣಿಗೆ ಶನಿಯಾಗಿ ಕಾಣುತ್ತದೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಒಬ್ಬರೇ ಒಡೆಯರ ಕೈಯಲ್ಲಿದ್ದು, ಕಾಲಕಾಲಕ್ಕೆ ಸರ್ವಿಸ್ ಆಗಿ, ದಾಖಲೆಗಳೆಲ್ಲ ಸಮರ್ಪಕವಾಗಿರುವ ಕಾರು ಸ್ವಲ್ಪ ಹೆಚ್ಚಿನ ಬೆಲೆಗೆ ದೊರೆತರೂ ಅದನ್ನೇ ಆರಿಸಿರಿ. ತಪಾಸಣೆಗೆ ಕಾರನ್ನು ಕೊಡಲು ಮಾರುವವರು ಹಿಂದೆಗೆದರೆ ಮಾತ್ರ, ಚೌಕಾಸಿಯ ಗೋಜಿಗೂ ಹೋಗದೆ, ನಮಸ್ಕಾರ ಹೇಳಿ ಮನೆಗೆ ಮರಳಿರಿ.