ಸರಕಾರಿ ನೌಕರಿಯೂ ಪೂರ್ವಾಪರ ವಿಚಾರಣೆಯೂ

ನಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳಲ್ಲಿ ಸರಕಾರಿ ನೌಕರಿಯ ಆಸೆಯಿಲ್ಲದವರು ವಿರಳ. ಕೆ.ಪಿ.ಎಸ್.ಸಿ. ಪರೀಕ್ಷೆಯ ಪ್ರಶ್ನೋತ್ತರ ಪುಸ್ತಕಗಳು ನಮ್ಮ ವಾಚನಾಲಯದ ಮೇಜಿನ ಮೇಲೆ ಸದಾ ಹರಡಿರುತ್ತವೆ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆಯೂ ಇನ್ನೊಂದು ಪರೀಕ್ಷೆ ಕಾದಿರುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಂತಿಲ್ಲ. ಜನರು ಅದನ್ನು ‘ಪೋಲೀಸ್ ವೆರಿಫಿಕೇಶನ್’ ಎನ್ನುತ್ತಾರೆ. ಸರಕಾರದ ಭಾಷೆಯಲ್ಲಿ ಅದು ‘ನಡತೆ ಮತ್ತು ಪೂರ್ವಾಪರಗಳ ಪರಿಶೀಲನೆ’. ಕಳೆದ ವರ್ಷ ಅಂತಹ ಒಂದು ನಮೂನೆಯನ್ನು ಪ್ರತಿ ಸಾಲೂ ಓದುವ ಪ್ರಸಂಗ ನನಗೆ ಒದಗಿತು. ಅಲ್ಲಿಂದ ತಿಳಿದುಕೊಂಡದ್ದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆ ನಮೂನೆಯ ವಿಚಾರ. ಕೇಂದ್ರ ಸರಕಾರದ ಹುದ್ದೆಗಳಿಗೆ ಅದನ್ನು ‘ಅಟೆಸ್ಟೇಶನ್ ಫಾರಂ’ ಎನ್ನುವರು. ಸುಳ್ಳು ಹೇಳಿದರೂ ಸಂಗತಿ ಮರೆಮಾಚಿದರೂ ಅಭ್ಯರ್ಥಿಯು ನೌಕರಿಗೆ ಅನರ್ಹನಾದಾನು ಎಂಬ ಎಚ್ಚರಿಕೆ ಅದರ ತಲೆಯಲ್ಲಿಯೇ ಇರುತ್ತದೆ. ಅನಂತರ ತಂದೆತಾಯಿಗಳ ವಿವರ, ಓದಿದ ಶಾಲೆಗಳು, ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸಿಸಿದ ಸ್ಥಳಗಳು, ತನ್ನನ್ನು ಬಲ್ಲ ಇಬ್ಬರು ಜವಾಬ್ದಾರಸ್ಥರ ಹೆಸರುಗಳನ್ನು ಬರೆಯಬೇಕು. ಕೊನೆಗೆ ಬರುವ ಪ್ರಶ್ನೆಗಳು ಕಠಿಣವಾದವು. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ? ಮೊಕದ್ದಮೆ ನಡೆದಿದೆಯೇ? ದಂಡ ತೆತ್ತಿದ್ದೀರಾ? ಯಾವುದಾದರೂ ಪ್ರಕರಣ ಈಗ ಬಾಕಿಯಿದೆಯೇ?

ಈ ಉತ್ತರಗಳನ್ನು ಅಭ್ಯರ್ಥಿ ವಾಸಿಸುವ ಕಡೆಯ ಪೋಲೀಸರು ಠಾಣೆಯ ದಾಖಲೆಗಳೊಡನೆ ತಾಳೆ ನೋಡುತ್ತಾರೆ. ನೆರೆಹೊರೆಯವರನ್ನು ವಿಚಾರಿಸುವುದೂ ಉಂಟು. ವರದಿ ನೇಮಕಾತಿ ಮಾಡುವ ಅಧಿಕಾರಿಯ ಕೈಸೇರುತ್ತದೆ. ಇದು ತಡವಾಗಿ ಅನೇಕರು ಕಾಯುವಂತಾದುದರಿಂದ, ಅಭ್ಯರ್ಥಿಯಿಂದ ಸ್ವಯಂ ಘೋಷಣೆ ಪಡೆದು ತಾತ್ಕಾಲಿಕ ನೇಮಕಾತಿ ಪತ್ರ ಕೊಡಬಹುದೆಂದು 2016ರಲ್ಲಿ ಕೇಂದ್ರ ಸರಕಾರವು ತನ್ನ ಇಲಾಖೆಗಳಿಗೆ ಸೂಚಿಸಿತು. ಘೋಷಣೆ ಸುಳ್ಳೆಂದು ಕಂಡರೆ ಆ ನೇಮಕ ರದ್ದಾಗುತ್ತದೆ.

ನೌಕರಿಗೆ ಸೇರಿದ ಮೇಲೆಯೂ ವಿಚಾರಣೆ ಮುಗಿಯುವುದಿಲ್ಲ. ಬಡ್ತಿಯಂತಹ ಸಂದರ್ಭಗಳಲ್ಲಿ ಅಧಿಕಾರಿಯ ಮೇಲೆ ಭ್ರಷ್ಟಾಚಾರದ ಅಥವಾ ಶಿಸ್ತಿನ ಪ್ರಕರಣವಿದೆಯೇ ಎಂದು ನೋಡುವುದು ‘ವಿಜಿಲೆನ್ಸ್ ಕ್ಲಿಯರೆನ್ಸ್’. ಸಂತಾನಂ ಸಮಿತಿಯ ಸಲಹೆಯಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಸ್ಥಾಪನೆಯಾಯಿತು. ಅದರ ಮುಖ್ಯಸ್ಥರ ನೇಮಕವನ್ನೇ 2011ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಅವರ ಮೇಲೆ ಬಾಕಿಯಿದ್ದ ಪ್ರಕರಣವನ್ನು ಆಯ್ಕೆ ಸಮಿತಿ ಗಮನಕ್ಕೆ ತೆಗೆದುಕೊಳ್ಳಲಿಲ್ಲವೆಂಬುದೇ ಕಾರಣ. ಪೂರ್ವಾಪರ ವಿಚಾರಣೆ ಜವಾನನಿಗೆ ಮಾತ್ರವೆಂದು ತಿಳಿಯಬಾರದು.

ಇದಕ್ಕಿಂತಲೂ ಬಿಗಿಯಾದುದು ರಹಸ್ಯಗಳ ಕಾವಲಿಗೆ ಸಂಬಂಧಿಸಿದ್ದು. ಸರಕಾರದ ಗುಟ್ಟಿನ ಕಾಗದಪತ್ರಗಳಲ್ಲಿ ಅತಿ ರಹಸ್ಯ, ರಹಸ್ಯ, ಗೋಪ್ಯ, ನಿರ್ಬಂಧಿತ ಎಂಬ ದರ್ಜೆಗಳಿವೆ. ಅವುಗಳನ್ನು ಹೊರಗೆಡಹುವವರನ್ನು ಶಿಕ್ಷಿಸಲು 1923ರ ಅಧಿಕೃತ ರಹಸ್ಯಗಳ ಕಾಯಿದೆ ಈಗಲೂ ಜಾರಿಯಲ್ಲಿದೆ. ನಮ್ಮ ಭಾಗಕ್ಕೆ ಇದು ದೂರದ ಮಾತೇನೂ ಅಲ್ಲ. 1954ರಲ್ಲಿ ಸ್ಥಾಪನೆಯಾಗಿ ಸೇನೆಗೆ ರೇಡಾರು ಮೊದಲಾದ ಉಪಕರಣಗಳನ್ನು ತಯಾರಿಸುವ ಬಿ.ಇ.ಎಲ್. ಇರುವುದು ಜಾಲಹಳ್ಳಿಯಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿದ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದುದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅಂತಹ ಕೆಲಸಕ್ಕೆ ಕೈಹಾಕುವವನು ಯಾರು, ಎಂತಹವನು ಎಂದು ರಾಷ್ಟ್ರವು ಕೇಳುವುದು ನ್ಯಾಯವೇ ಸರಿ.

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡುಗಳ ಕಂಪನಿಗಳೂ ಹೊಸ ನೌಕರರ ಪೂರ್ವಾಪರವನ್ನು ಖಾಸಗಿ ಸಂಸ್ಥೆಗಳಿಂದ ವಿಚಾರಿಸುತ್ತವೆ. ಆದರೆ ಸರಕಾರವು ಸಂವಿಧಾನದ 14 ಮತ್ತು 16ನೆಯ ವಿಧಿಗಳಿಗೆ ಕಟ್ಟುಬಿದ್ದದ್ದು. ಮನಬಂದಂತೆ ಒಬ್ಬನನ್ನು ತಳ್ಳಿಹಾಕಿದರೆ ಅವನು ನ್ಯಾಯಾಲಯದ ಬಾಗಿಲು ತಟ್ಟಬಹುದು.

ಹೀಗೆ ತಟ್ಟಿದವರಿಂದಲೇ ಈ ವಿಚಾರಣೆಯ ಮೇರೆಗಳು ಸ್ಪಷ್ಟವಾಗಿವೆ. ಮಧ್ಯಪ್ರದೇಶದಲ್ಲಿ ಒಬ್ಬ ಉಪಾಧ್ಯಾಯರು ಹಿಂದೆ ಆರ್.ಎಸ್.ಎಸ್. ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಸೇರಿದ್ದರೆಂಬ ಪೋಲೀಸು ವರದಿಯ ಮೇಲೆ ಅವರನ್ನು ಕೆಲಸದಿಂದ ತೆಗೆಯಲಾಗಿತ್ತು. 1983ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಹಿಂದಿನ ರಾಜಕೀಯ ಒಲವು ನೌಕರಿ ನಿರಾಕರಿಸಲು ಕಾರಣವಾಗಲಾರದೆಂದಿತು. ಪ್ರಬಲ ರಾಷ್ಟ್ರಗಳೂ ಈ ವಿಷಯದಲ್ಲಿ ಎಡವಿವೆ. ಅಣುಬಾಂಬಿನ ನಿರ್ಮಾಣಕ್ಕೆ ಮುಂದಾಳಾಗಿದ್ದ ವಿಜ್ಞಾನಿ ಓಪನ್‌ಹೈಮರರ ರಹಸ್ಯಾನುಮತಿಯನ್ನು ಅಮೆರಿಕವು 1954ರಲ್ಲಿ ಕಸಿದುಕೊಂಡಿತು. ಆ ತೀರ್ಮಾನವನ್ನು ಅಲ್ಲಿನ ಸರಕಾರವೇ ರದ್ದುಪಡಿಸಿದ್ದು 2022ರಲ್ಲಿ, ಅವರು ಕಾಲವಾಗಿ ಐವತ್ತೈದು ವರ್ಷಗಳಾದ ಮೇಲೆ.

ಇನ್ನು ನಾನು ನಮೂನೆ ಓದಿದ ಪ್ರಸಂಗಕ್ಕೆ ಬರುತ್ತೇನೆ. 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಮಿಕರು ತುಮಕೂರು ರಸ್ತೆಯಲ್ಲಿಯೂ ಹೊಸೂರು ರಸ್ತೆಯಲ್ಲಿಯೂ ಸಹಸ್ರ ಸಂಖ್ಯೆಯಲ್ಲಿ ಬೀದಿಗಿಳಿದುದು ವಾಚಕರಿಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಹೊಸ ನಿಯಮವೇ ಅದಕ್ಕೆ ಕಾರಣ. ಹೊಲಿಗೆಯ ಕೆಲಸ ಮಾಡುವ ನನ್ನ ತಾಯಿಯೂ ಇತರ ಹೆಂಗಸರೊಡನೆ ರಸ್ತೆಯಲ್ಲಿ ಕುಳಿತಿದ್ದಳು. ಎರಡನೆಯ ದಿನ ಕಲ್ಲುತೂರಾಟವಾಯಿತು, ವಾಹನಗಳು ಉರಿದವು, ಲಾಠಿ ಬೀಸಿತು, ಬಂಧನಗಳಾದವು. ಅದೇ ದಿನ ಕೇಂದ್ರ ಸರಕಾರವು ನಿಯಮವನ್ನು ಹಿಂತೆಗೆದುಕೊಂಡಿತು.

ನಿಯಮ ಹೋಯಿತು, ಆದರೆ ಮೊಕದ್ದಮೆಗಳು ಉಳಿದವು. ನಮ್ಮ ವಠಾರದ ಅಣ್ಣನೊಬ್ಬ ಆಗ ಹತ್ತೊಂಬತ್ತರ ಹುಡುಗ. ಪಾಳಿ ಮುಗಿಸಿ ಬರುವಾಗ ಗುಂಪಿನಲ್ಲಿ ಸಿಕ್ಕಿಬಿದ್ದ. ಅವನ ಹೆಸರೂ ಪಟ್ಟಿಗೆ ಸೇರಿತು. ಕೆಲವು ವರ್ಷ ನ್ಯಾಯಾಲಯಕ್ಕೆ ಅಲೆದು ಬಿಡುಗಡೆಯಾದ. ರಾತ್ರಿ ಓದಿಕೊಂಡು ಒಂದು ಇಲಾಖೆಯ ಗುಮಾಸ್ತೆಯ ಹುದ್ದೆಗೆ ಆಯ್ಕೆಯಾದಾಗ ಈ ನಮೂನೆ ಬಂದಿತು. ಅದು ಇಂಗ್ಲಿಷಿನಲ್ಲಿದ್ದುದರಿಂದ ನನ್ನ ಬಳಿಗೆ ತಂದ. ವಠಾರದ ಹಿರಿಯರದು ಒಂದೇ ಮಾತು: “ಕೇಸು ಖುಲಾಸೆಯಾಯಿತಲ್ಲಪ್ಪ, ಇಲ್ಲ ಅಂತ ಬರೆದುಬಿಡು. ಯಾರು ನೋಡುತ್ತಾರೆ?”

ಅವರ ಮಾತನ್ನು ನಾನೂ ಅರ್ಧ ಒಪ್ಪಿದ್ದೆ. ಆದರೆ ನಮೂನೆಯು ‘ಶಿಕ್ಷೆಯಾಗಿದೆಯೇ’ ಎಂದಷ್ಟೇ ಕೇಳದೆ ‘ಎಂದಾದರೂ ಬಂಧನವಾಗಿದೆಯೇ’ ಎಂದೂ ಕೇಳಿತ್ತು. ಖುಲಾಸೆಯಾದರೂ ಬಂಧನ ಬಂಧನವೇ. ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರನ್ನು ಕೇಳಿದಾಗ ಅವರು 2016ರ ಜುಲೈಯಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರು ಕೊಟ್ಟ ತೀರ್ಪನ್ನು ಓದಲು ಹೇಳಿದರು. ಅದರ ಸಾರ ಇಷ್ಟು. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೆ ಅಧಿಕಾರಿ ತನ್ನ ವಿವೇಚನೆಯಿಂದ ಮನ್ನಿಸಬಹುದು. ಗುರುತರ ಸಂಗತಿಯನ್ನು ಮುಚ್ಚಿಟ್ಟರೆ ನೇಮಕ ಹೋಗಬಹುದು. ನಮೂನೆಯಲ್ಲಿ ಸ್ಪಷ್ಟವಾಗಿ ಕೇಳದುದನ್ನು ಹೇಳಲಿಲ್ಲವೆಂದು ದೂರುವಂತಿಲ್ಲ.

ಆದರೆ ನಿಜ ಹೇಳಿದ ಮಾತ್ರಕ್ಕೆ ನೌಕರಿ ಖಂಡಿತವೆಂದು ಭ್ರಮಿಸಲಾಗದು. ಅಭ್ಯರ್ಥಿಯ ಯೋಗ್ಯತೆಯನ್ನು ತೂಗಿನೋಡುವ ಅಧಿಕಾರ ಆಗಲೂ ಸರಕಾರಕ್ಕಿದೆಯೆಂದು ಅದೇ ತೀರ್ಪು ಹೇಳುತ್ತದೆ. ಪೋಲೀಸು ಹುದ್ದೆಗಳಲ್ಲಂತೂ ಸಂಶಯದ ಲಾಭದಿಂದ ಬಿಡುಗಡೆಯಾದವನು ನೌಕರಿಯನ್ನು ಹಕ್ಕೆಂದು ಕೇಳಲಾರನೆಂದು 2013ರಲ್ಲಿ ನ್ಯಾಯಾಲಯ ಹೇಳಿತ್ತು. ಅಪ್ರಾಪ್ತ ವಯಸ್ಸಿನಲ್ಲಿ ಆದ ತಪ್ಪಿಗೆ ಮಾತ್ರ, ಕೆಲವು ಘೋರ ಅಪರಾಧಗಳನ್ನು ಬಿಟ್ಟು, ಮುಂದೆ ಅನರ್ಹತೆ ಅಂಟಕೂಡದೆಂದು 2015ರ ಬಾಲನ್ಯಾಯ ಕಾಯಿದೆ ರಕ್ಷಣೆ ಕೊಟ್ಟಿದೆ.

ಈ ವಿಚಾರಣೆಯಿಂದಲೇ ಆಡಳಿತ ಶುದ್ಧವಾಗುವುದೆಂದೂ ನಂಬುವಂತಿಲ್ಲ. ನಮ್ಮ ರಾಜ್ಯದಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೇ ಮೋಸವಾಗಿ, 2022ರಲ್ಲಿ ಅದು ರದ್ದಾಗಿ, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಬಂಧಿತರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದವರೂ ಇದ್ದರು. ಅಭ್ಯರ್ಥಿಯ ಹಿಂದಿನ ದಿನಗಳನ್ನು ಜಾಲಾಡುವಷ್ಟೇ ಶ್ರದ್ಧೆಯಿಂದ ನೇಮಿಸುವವರನ್ನೂ ನೋಡಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ನಮ್ಮ ಪಾಲಿನ ಕರ್ತವ್ಯವಾದರೂ ಸರಳವಾಗಿದೆ. ಬಾಡಿಗೆ ಮನೆ ಬದಲಿಸುವ ನಮ್ಮಂತಹವರು ಯಾವ ವರ್ಷ ಎಲ್ಲಿದ್ದೆವೆಂಬುದನ್ನು ಬರೆದಿಟ್ಟುಕೊಳ್ಳಬೇಕು, ಕರಾರುಪತ್ರಗಳನ್ನು ಜೋಪಾನ ಮಾಡಬೇಕು. ಪ್ರಕರಣವೇನಾದರೂ ಇದ್ದರೆ ತೀರ್ಪಿನ ದೃಢೀಕೃತ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಬೇಕು. ಅರ್ಥವಾಗದಿದ್ದರೆ ಅಧ್ಯಾಪಕರನ್ನು ಕೇಳಲು ನಾಚಿಕೆಪಡಬಾರದು.

ಅಣ್ಣ ‘ಹೌದು’ ಎಂದೇ ಬರೆದ. ತೀರ್ಪಿನ ಪ್ರತಿಯನ್ನೂ ಲಗತ್ತಿಸಿದ. ಅವನೊಡನೆ ಆಯ್ಕೆಯಾದ ಇತರರು ಕೆಲಸಕ್ಕೆ ಸೇರಿದರು. ಅವನಿಗೆ ವಿವರಣೆ ಕೇಳಿ ಒಂದು ಪತ್ರ ಬಂದಿತು. ಅದಕ್ಕೂ ಉತ್ತರ ಹೋಯಿತು. ಈ ಲೇಖನ ಅಚ್ಚಿಗೆ ಹೋಗುವವರೆಗೆ ಆದೇಶ ಬಂದಿಲ್ಲ. ನಾನು ಹೇಳಿದ್ದು ತಪ್ಪಾಯಿತೇನೋ ಎಂದು ಒಮ್ಮೆ ಕೇಳಿದೆ. ಅವನು ನಕ್ಕು, “ಕುಂಬಳಕಾಯಿ ಕಳ್ಳ ಅಂದಾಗಲೆಲ್ಲ ಹೆಗಲು ಮುಟ್ಟಿ ನೋಡಿಕೊಂಡು ಮೂವತ್ತು ವರ್ಷ ನೌಕರಿ ಮಾಡೋದು ನನ್ನ ಕೈಲಾಗೋದಿಲ್ಲಮ್ಮ” ಎಂದ.

ಅವನು ತನ್ನ ಪಾಲಿನ ಸತ್ಯವನ್ನು ಹೇಳಿಯಾಗಿದೆ. ಅದನ್ನು ನ್ಯಾಯವಾಗಿ ತೂಗುವ ಹೊಣೆ ಈಗ ಸರಕಾರದ್ದು. ನಾಳೆ ನಮ್ಮಲ್ಲಿ ಯಾರಾದರೂ ಅಂತಹ ಮೇಜಿನ ಹಿಂದೆ ಕುಳಿತು ಇನ್ನೊಬ್ಬರ ನಮೂನೆಯನ್ನು ಕೈಗೆತ್ತಿಕೊಂಡಾಗ, ಹೊರಗೆ ಒಂದು ಮನೆಯವರು ಅಂಚೆಯ ದಾರಿ ಕಾಯುತ್ತಿರುವರೆಂಬುದನ್ನು ಮರೆಯದಿರಲಿ.