ಜಸ್ಪಾಲ್ ಭಟ್ಟಿ: ಸರಕಾರಿ ಪರದೆಯ ಮೇಲಿನ ವಿಡಂಬನೆ

ರಾಜಕೀಯ ವಿಡಂಬನೆಯೆಂದರೆ ಅಧಿಕಾರಸ್ಥರ ಗೇಲಿ ಎಂಬ ಗ್ರಹಿಕೆ ಸಾಮಾನ್ಯವಾದುದು. ಜಸ್ಪಾಲ್ ಭಟ್ಟಿಯವರ (1955-2012) ವೃತ್ತಿಜೀವನವು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಅಮೃತಸರದಲ್ಲಿ ಜನಿಸಿದ ಭಟ್ಟಿ ಚಂಡೀಗಢದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿದರು. ವಿದ್ಯಾರ್ಥಿದೆಸೆಯಲ್ಲಿಯೇ ‘ನಾನ್‌ಸೆನ್ಸ್ ಕ್ಲಬ್’ ಮೂಲಕ ಬೀದಿ ಪ್ರಹಸನಗಳನ್ನಾಡಿದರು. ಮುಂದೆ ‘ದಿ ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ರಚಿಸಿದರು. ದೂರದರ್ಶನದ ‘ಉಲ್ಟಾ ಪುಲ್ಟಾ’ ಕಿರುಪ್ರಸಂಗಗಳು ಹಾಗೂ 1989ರ ‘ಫ್ಲಾಪ್ ಶೋ’ ಅವರಿಗೆ ದೇಶವ್ಯಾಪಿ ಮನ್ನಣೆ ತಂದವು.

ಹತ್ತೇ ಕಂತುಗಳ ‘ಫ್ಲಾಪ್ ಶೋ’ದ ಗುರಿ ವ್ಯಕ್ತಿಗಳಲ್ಲ, ವ್ಯವಸ್ಥೆ. ವೈದ್ಯಕೀಯ ವೆಚ್ಚದ ಸುಳ್ಳು ಬಿಲ್ಲು, ಗುತ್ತಿಗೆ ಕಾಮಗಾರಿ, ಟೆಲಿಫೋನ್ ಇಲಾಖೆ, ಮುಗಿಯದ ಸಭೆ ಇವೇ ಅದರ ವಸ್ತು. ಒಂದು ಕಂತಿನಲ್ಲಿ ಪಿಎಚ್.ಡಿ. ಮಾರ್ಗದರ್ಶಕರು ಸಂಶೋಧನ ವಿದ್ಯಾರ್ಥಿಯನ್ನು ಮನೆಗೆಲಸಕ್ಕೆ ದುಡಿಸಿಕೊಳ್ಳುತ್ತಾರೆ. ಯಾರನ್ನೂ ಹೆಸರಿಸದ ಈ ಕ್ರಮವನ್ನು ಸರಕಾರಿ ಮಾಧ್ಯಮದೊಡನೆ ಮಾಡಿಕೊಂಡ ರಾಜಿಯೆಂದು ಓದಬಹುದು. ಆದರೆ ಅದರ ಪರಿಣಾಮ ಬೇರೆಯೇ ಆಗಿದೆ. ಹೆಸರಿಲ್ಲದ ಪಾತ್ರದಲ್ಲಿ ನೋಡುಗನು ತನ್ನನ್ನೇ ಕಾಣುತ್ತಾನೆ. ಭ್ರಷ್ಟತೆ ‘ಅವರ’ದಾಗಿ ಉಳಿಯದೆ ‘ನಮ್ಮ’ದಾಗುತ್ತದೆ.

ವಿದ್ಯುತ್ ಅಭಾವವನ್ನೇ ವಸ್ತುವಾಗಿಸಿಕೊಂಡ ‘ಪವರ್ ಕಟ್’ ಚಿತ್ರದ ಬಿಡುಗಡೆಯ ಮುನ್ನಾದಿನ ಭಟ್ಟಿ ರಸ್ತೆ ಅಪಘಾತದಲ್ಲಿ ನಿಧನರಾದರು. 2013ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ಸಂದಿತು. ವಿಶ್ವವಿದ್ಯಾಲಯದವರಾದ ನಾವು ಆ ಮಾರ್ಗದರ್ಶಕರನ್ನು ಕಂಡು ನಗುವಾಗ, ಆ ನಗೆಯ ಹೊರಗೆ ನಿಲ್ಲಲಾರೆವು ಎಂಬುದೇ ಅವರ ವಿಡಂಬನೆಯ ಶಕ್ತಿ.